ರಸ್ತೆಗಿಳಿಯದ ಕಾರುಗಳು ಅಂಗೈಗೆ ಬಂದ ಕತೆ

1971ರ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಒಂದು ಹಳದಿ ಕಾರು ನಿಂತಿತ್ತು. ಹೆಸರು ಲ್ಯಾಂಬೋರ್ಗಿನಿ ಕೌಂಟಾಷ್ ಎಲ್‌ಪಿ 500. ಮೂತಿಯಿಂದ ನೆತ್ತಿಯವರೆಗೆ ಒಂದೇ ಗೆರೆ, ಬಾಗಿಲು ಪಕ್ಕಕ್ಕಲ್ಲ, ಮೇಲಕ್ಕೆ ತೆರೆಯುವುದು. ಜಗತ್ತಿನ ಪತ್ರಿಕೆಗಳೆಲ್ಲ ಅದರ ಫೋಟೋ ಹಾಕಿದವು. ಮೂರು ವರ್ಷ ಕಳೆದ ಮೇಲೆ, 1974ರಲ್ಲಿ, ಅದೇ ಕಾರನ್ನು ಇಂಗ್ಲೆಂಡಿನ ಮೀರಾ ಪರೀಕ್ಷಾ ಕೇಂದ್ರಕ್ಕೆ ಒಯ್ದು ಅಪಘಾತ ಪರೀಕ್ಷೆಗೆ ಒಡ್ಡಿದರು. ಆಮೇಲೆ ಉಳಿದದ್ದು ಗುಜರಿ. ಇದ್ದದ್ದೇ ಒಂದು, ಅದೂ ಹೋಯಿತು.

ಸುಮಾರು ಅರ್ಧ ಶತಮಾನದ ನಂತರ ಒಬ್ಬ ಸಂಗ್ರಾಹಕರು ಆ ಕಾರನ್ನು ಮತ್ತೆ ಕಟ್ಟಿಕೊಡಿ ಎಂದು ಕಂಪನಿಯನ್ನೇ ಕೇಳಿದರು. ಹಳೆಯ ಫೋಟೋ, ನಕ್ಷೆ, ಕಡತ, ಅಂದು ಕೆಲಸ ಮಾಡಿದವರ ನೆನಪು ಇವನ್ನೆಲ್ಲ ಗುಡ್ಡೆಹಾಕಿ, 25,000 ಗಂಟೆಗೂ ಹೆಚ್ಚು ದುಡಿದು, 2021ರಲ್ಲಿ ಅದರ ಪ್ರತಿರೂಪವೊಂದನ್ನು ಸಿದ್ಧಪಡಿಸಿದರು. ಮಾಡಿದವರೇ ಬಿಸಾಕಿದ್ದನ್ನು ಹುಡುಕಿ ತೆಗೆಯಲು ಅಷ್ಟು ಗಂಟೆ ಬೇಕಾಯಿತು.

ಕಾನ್ಸೆಪ್ಟ್ ಕಾರುಗಳ ಪುಟ್ಟ ಲೋಹದ ಮಾದರಿಗಳನ್ನು, ಅಂದರೆ ಡೈಕಾಸ್ಟ್ ಮಾದರಿಗಳನ್ನು, ಕೂಡಿಡುವ ಹವ್ಯಾಸದ ಬಗ್ಗೆ ಬರೆಯಲು ಹೊರಟಾಗ ಈ ಪ್ರಸಂಗವೇ ಮೊದಲು ಬರಬೇಕು. ಏಕೆಂದರೆ ಈ ಹವ್ಯಾಸವನ್ನು ದುಡ್ಡಿದ್ದವರ ಮಕ್ಕಳಾಟ ಎಂದು ತಳ್ಳಿಹಾಕುವುದು ಸುಲಭ. ಆದರೆ ದೊಡ್ಡ ಕಂಪನಿಗಳು ತಮ್ಮ ಕನಸನ್ನು ತಾವೇ ಗುಜರಿಗೆ ಹಾಕಿದಾಗ, ಆ ಕನಸಿನ ಮೂರು ಆಯಾಮದ ಗುರುತು ಎಷ್ಟೋ ಸಲ ಉಳಿದದ್ದು ಮಕ್ಕಳ ಆಟಿಕೆ ಡಬ್ಬಿಯಲ್ಲಿ. ಆ ಗುರುತನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ಈ ಬರಹದ ವಿಷಯ.

ಮಾರಾಟಕ್ಕಿಲ್ಲದ ಕಾರು

ಕಾನ್ಸೆಪ್ಟ್ ಕಾರು ಎಂದರೆ ಮಾರಲು ಮಾಡಿದ್ದಲ್ಲ, ತೋರಿಸಲು ಮಾಡಿದ್ದು. ನಾಳೆ ಹೀಗೆ ಮಾಡಬಹುದು ನೋಡಿ ಎಂದು ಜನರ ಮುಖ ನೋಡುವುದಕ್ಕೆ ಒಂದೋ ಎರಡೋ ಕಟ್ಟುತ್ತಾರೆ. ಜನರಲ್ ಮೋಟರ್ಸ್‌ನ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ 1938ರಲ್ಲಿ ಮಾಡಿಸಿದ ಬ್ಯೂಕ್ ವೈ-ಜಾಬ್ ಈ ಬಗೆಯ ಮೊದಲ ಕಾರು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಯುದ್ಧ ಮುಗಿದ ಮೇಲೆ ಅದೇ ಕಂಪನಿ 1949ರಿಂದ 1961ರವರೆಗೆ ಮೋಟೊರಾಮಾ ಎಂದು ಹೆಸರಾದ ಪ್ರದರ್ಶನಗಳನ್ನು ನಡೆಸಿತು. ಹಾಡು, ಕುಣಿತ, ದೀಪಾಲಂಕಾರದ ನಡುವೆ ಕಾರು ತಿರುಗುತ್ತಿತ್ತು. ನಮ್ಮ ಜಾತ್ರೆಯಲ್ಲಿ ತೇರು ನೋಡಲು ನೆರೆದ ಹಾಗೆ ಜನ ನೆರೆಯುತ್ತಿದ್ದರು. 1953ರ ಜನವರಿಯಲ್ಲಿ ಅಲ್ಲಿ ತೋರಿಸಿದ ಕಾರ್ವೆಟ್ ಅದೇ ವರ್ಷ ಕಾರ್ಖಾನೆಯಿಂದ ಹೊರಬಂತು. ಮೊದಲ ವರ್ಷ ಮಾಡಿದ್ದು 300 ಕಾರು.

ಆ ಭಾಗ್ಯ ಎಲ್ಲ ಕಾರಿಗೂ ಇರಲಿಲ್ಲ. ತೇರು ಮುಂದಿನ ವರ್ಷಕ್ಕೆ ಉಳಿಯುತ್ತದೆ. ಪ್ರದರ್ಶನ ಮುಗಿದ ಕಾನ್ಸೆಪ್ಟ್ ಕಾರು ಕಂಪನಿಗೆ ಹೊರೆ. ಹಾಗಾಗಿ ಹಲವನ್ನು ಒಡೆದುಹಾಕಲು ಕಳಿಸಿದರು. ಮಿಷಿಗನ್ ರಾಜ್ಯದ ವಾರ್‌ಹೂಪ್ಸ್ ಎಂಬ ಗುಜರಿ ಅಂಗಣಕ್ಕೆ ಬಂದ ಅಂಥ ನಾಲ್ಕು ಕಾರುಗಳನ್ನು ಅಲ್ಲಿನವರು ಪೂರ್ತಿ ಪುಡಿ ಮಾಡದೆ ಹಿಂದೆ ತಳ್ಳಿಟ್ಟರು. ಸುಮಾರು ಮೂವತ್ತು ವರ್ಷ ಅವು ಅಲ್ಲೇ ಬಿದ್ದಿದ್ದವು. 1980ರ ದಶಕದ ಕೊನೆಯಲ್ಲಿ ಜೋ ಬೋರ್ಟ್ಸ್ ಎಂಬ ಸಂಗ್ರಾಹಕ ಅವನ್ನು ಕೊಂಡ. ಎರಡು ಲಾಸಾಲ್ ಕಾರು, ಒಂದು ಶೆವರ್ಲೆ ಬಿಸ್ಕೇನ್, ಒಂದು ಕ್ಯಾಡಿಲಾಕ್. ಬಿಸ್ಕೇನ್ ಸಿಕ್ಕಿದ್ದು ತುಂಡು ತುಂಡಾಗಿ.

ಇನ್ನೊಂದರ ಕತೆ ಸಮುದ್ರದ್ದು. ಕ್ರೈಸ್ಲರ್ ಕಂಪನಿಗಾಗಿ ಇಟಲಿಯ ಗಿಯಾ ಕಾರ್ಯಾಗಾರ ಕಟ್ಟಿದ ನಾರ್ಸ್‌ಮನ್ ಎಂಬ ಕಾರು ಆಂಡ್ರಿಯಾ ಡೋರಿಯಾ ಹಡಗಿನಲ್ಲಿ ಅಮೆರಿಕಕ್ಕೆ ಹೊರಟಿತ್ತು. 1956ರ ಜುಲೈ 25ರ ರಾತ್ರಿ ಆ ಹಡಗು ಮತ್ತೊಂದು ಹಡಗಿಗೆ ಡಿಕ್ಕಿಯಾಗಿ ಮರುದಿನ ಬೆಳಿಗ್ಗೆ ಮುಳುಗಿತು. ಆ ದುರಂತದಲ್ಲಿ 51 ಜನ ಸತ್ತರು. ಪ್ರದರ್ಶನದ ಮುಖವನ್ನೇ ಕಾಣದ ಕಾರು ಅಟ್ಲಾಂಟಿಕ್ ಸಾಗರದ ತಳ ಸೇರಿತು.

ಅಕ್ಷರ ಎರೆದ ಕೈ, ಆಟಿಕೆ ಎರೆದ ಕೈ

ಈಗ ಆಟಿಕೆಯ ಕಡೆಗೆ ಬರೋಣ. ಪತ್ರಿಕೋದ್ಯಮ ಓದಿದ ನಮಗೆ ಇಲ್ಲೊಂದು ನೆಂಟಸ್ತನ ಇದೆ. ಕಾದ ಲೋಹವನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ನುಗ್ಗಿಸಿ ಒಂದೇ ರೂಪದ ಸಾವಿರ ತುಂಡು ತೆಗೆಯುವ ಡೈಕಾಸ್ಟಿಂಗ್ ವಿದ್ಯೆ ಹುಟ್ಟಿದ್ದು ಆಟಿಕೆಗಲ್ಲ, ಅಚ್ಚುಮೊಳೆಗೆ. ಅಮೆರಿಕದಲ್ಲಿ ಡೇವಿಡ್ ಬ್ರೂಸ್ ಮೊಳೆ ಎರೆಯುವ ಯಂತ್ರ ರೂಪಿಸಿದ್ದು 1838ರಲ್ಲಿ. ಐದು ವರ್ಷದ ನಂತರ, 1843ರಲ್ಲಿ, ನಮ್ಮ ‘ಮಂಗಳೂರ ಸಮಾಚಾರ’ ಹೊರಬಂದದ್ದು ಕಲ್ಲಚ್ಚಿನಲ್ಲಿ. ಅಚ್ಚುಮೊಳೆಯ ಕಾಲ ಕನ್ನಡ ಪತ್ರಿಕೆಗಳಿಗೆ ಆಮೇಲೆ ಬಂತು. 1886ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಲೈನೋಟೈಪ್ ಯಂತ್ರ ಹಾಕಿತು. ಬಿಡಿ ಮೊಳೆ ಜೋಡಿಸುವ ಬದಲು ಇಡೀ ಸಾಲನ್ನೇ ಒಂದು ಲೋಹದ ಪಟ್ಟಿಯಾಗಿ ಎರೆದುಕೊಡುವ ಯಂತ್ರ ಅದು.

ಷಿಕಾಗೋದಲ್ಲಿ ಡೌಸ್ಟ್ ಸಹೋದರರು ಎಂಬವರು ಬಟ್ಟೆ ಒಗೆಯುವ ಉದ್ಯಮದವರಿಗಾಗಿ ಒಂದು ಪತ್ರಿಕೆ ನಡೆಸುತ್ತಿದ್ದರು. 1893ರ ಷಿಕಾಗೋ ವಿಶ್ವಮೇಳದಲ್ಲಿ (ಹೌದು, ವಿವೇಕಾನಂದರು ಅದೇ ವರ್ಷ ಅದೇ ಊರಿನಲ್ಲಿ ಮಾತಾಡಿದ್ದರು) ಅವರ ಕಣ್ಣಿಗೆ ಈ ಎರಕದ ಯಂತ್ರ ಬಿತ್ತು. ಅಕ್ಷರ ಎರೆಯುವ ಯಂತ್ರದಲ್ಲಿ ಅಂಗಿಯ ಕಾಲರಿನ ಗುಂಡಿ ಎರೆದರೆ ಹೇಗೆ? ಇಸ್ತ್ರಿಪೆಟ್ಟಿಗೆಯ ಪುಟ್ಟ ಗೊಂಬೆ ಎರೆದು ಜಾಹೀರಾತಿಗೆ ಹಂಚಿದರೆ ಹೇಗೆ? ಹಾಗೆ ಶುರುವಾದದ್ದು ಪುಟ್ಟ ಕಾರುಗಳಿಗೆ ಬಂತು. ಮನೆಯ ಹುಡುಗಿಯ ಮುದ್ದಿನ ಹೆಸರಿನಿಂದ ‘ಟೂಟ್ಸಿಟಾಯ್’ ಎಂಬ ಹೆಸರಾಯಿತು. ಒಂದು ಸಣ್ಣ ಪತ್ರಿಕೆಯವರ ಕೈಯಿಂದ ಜಗತ್ತಿನ ಡೈಕಾಸ್ಟ್ ಆಟಿಕೆ ಉದ್ಯಮ ಹೊರಟಿತು.

ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿಯ ಮೆಕ್ಯಾನೋ ಕಂಪನಿ ಆಟದ ರೈಲು ಮಾಡುತ್ತಿತ್ತು. ರೈಲಿನ ಪಕ್ಕ ನಿಲ್ಲಿಸಲು 1933ರ ಕೊನೆಗೆ ಆರು ಪುಟ್ಟ ವಾಹನಗಳನ್ನು ಮಾಡಿತು. ಮುಂದಿನ ವರ್ಷ ಅವಕ್ಕೆ ‘ಡಿಂಕಿ’ ಎಂಬ ಹೆಸರು ಬಂತು. ಆ ಆರರಲ್ಲಿ ಮೊದಲ ಸಂಖ್ಯೆಯದೇ ಒಂದು ಸ್ಪೋರ್ಟ್ಸ್ ಕಾರು. ಇವತ್ತಿಗೂ ಸಂಗ್ರಾಹಕರು ಬಳಸುವ 1:43 ಎಂಬ ವಿಚಿತ್ರ ಅಳತೆ ಬಂದದ್ದು ಆ ರೈಲಿನ ಹಳಿಯಿಂದಲೇ. ಒಂದು ಅಡಿಗೆ ಏಳು ಮಿಲಿಮೀಟರು ಎಂಬುದು ರೈಲಿನ ಲೆಕ್ಕ. ಭಾಗಿಸಿ ನೋಡಿದರೆ ಸುಮಾರು 43 ಬರುತ್ತದೆ.

ಲಂಡನ್ನಿನ ಲೆಸ್ನಿ ಕಂಪನಿಯ ಜ್ಯಾಕ್ ಓಡೆಲ್ ಕತೆ ಹೆಚ್ಚು ಜನರಿಗೆ ಗೊತ್ತು. ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದು ಎಂಬ ನಿಯಮ ಇತ್ತು. ಅಪ್ಪ ಒಂದು ಪುಟಾಣಿ ರೋಡ್ ರೋಲರ್ ಮಾಡಿಕೊಟ್ಟ. ಅದರಿಂದ 1953ರಲ್ಲಿ ಮ್ಯಾಚ್‌ಬಾಕ್ಸ್ ಹುಟ್ಟಿತು. 1956ರಲ್ಲಿ ವೇಲ್ಸ್‌ನ ಸ್ವಾನ್ಸಿಯಿಂದ ಕಾರ್ಗಿ ಬಂತು. ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಕಿದ್ದೇ ಅದರ ಹೆಗ್ಗಳಿಕೆ. ಅಲ್ಲಿಂದ ಆಟಿಕೆ ‘ಇದು ಕಾರಿನ ಹಾಗಿದೆ’ ಎಂಬ ಹಂತ ದಾಟಿ ‘ಇದು ಆ ಕಾರೇ’ ಎಂಬ ಕಡೆಗೆ ನಡೆಯತೊಡಗಿತು.

ಒಂದು ಡಾಲರಿನ ಕಾರು

ಕಾನ್ಸೆಪ್ಟ್ ಕಾರಿಗೂ ಆಟಿಕೆಗೂ ಎಂಥ ಸಂಬಂಧ ಎಂಬುದಕ್ಕೆ ಲಿಂಕನ್ ಫ್ಯೂಚುರಾ ಒಳ್ಳೆಯ ಉದಾಹರಣೆ. 1955ರಲ್ಲಿ ಗಿಯಾ ಕಾರ್ಯಾಗಾರ ಎರಡೂವರೆ ಲಕ್ಷ ಡಾಲರ್ ವೆಚ್ಚದಲ್ಲಿ ಕಟ್ಟಿದ ಕಾರು. ಪ್ರದರ್ಶನ ಮುಗಿಯಿತು, ಒಂದು ಸಿನಿಮಾದಲ್ಲಿ ಬಂತು, ಆಮೇಲೆ ಕೇಳುವವರಿಲ್ಲ. ಜಾರ್ಜ್ ಬ್ಯಾರಿಸ್ ಎಂಬ ಕಾರು ಕಲಾವಿದ ಅದನ್ನು ಹೆಸರಿಗೆ ಒಂದು ಡಾಲರ್ ಕೊಟ್ಟು ತೆಗೆದುಕೊಂಡ. ಟಿವಿ ಧಾರಾವಾಹಿಗೆ ಕಾರು ಬೇಕು ಎಂದಾಗ ಅದಕ್ಕೇ ಕಪ್ಪು ಬಣ್ಣ ಬಳಿದು ಮಾರ್ಪಾಡು ಮಾಡಿಕೊಟ್ಟ. ಅದೇ 1966ರ ಬ್ಯಾಟ್‌ಮನ್ ಧಾರಾವಾಹಿಯ ಬ್ಯಾಟ್‌ಮೊಬೈಲ್. ಆ ವರ್ಷವೇ ಕಾರ್ಗಿ ಅದರ ಡೈಕಾಸ್ಟ್ ಮಾದರಿ ತಂದು ಹಲವು ವರ್ಷ ಮಾರಿತು. 2013ರಲ್ಲಿ ಅಸಲಿ ಕಾರು ಹರಾಜಾದದ್ದು 46 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ. ಒಂದು ಡಾಲರಿನಿಂದ ಅಲ್ಲಿಗೆ ಏರಿದ್ದು ಕಾರಿನ ತಾಂತ್ರಿಕತೆಯಿಂದಲ್ಲ. ಟಿವಿ ಮುಂದೆ ಕೂತು, ಪುಟ್ಟ ಕರಿ ಕಾರನ್ನು ನೆಲದ ಮೇಲೆ ಓಡಿಸಿದ ಮಕ್ಕಳು ದೊಡ್ಡವರಾಗಿ ಹರಾಜಿನಲ್ಲಿ ಕೈ ಎತ್ತಿದ್ದರಿಂದ.

ಬೆಣೆಯ ಕಾಲ

ಸಂಗ್ರಾಹಕರು ಹೆಚ್ಚು ಹಂಬಲಿಸುವುದು 1967ರಿಂದ 1972ರವರೆಗಿನ ಇಟಲಿಯ ಕಾರುಗಳಿಗೆ. ಮರ ಸೀಳುವ ಬೆಣೆಯ ಹಾಗೆ ಮುಂದೆ ಚೂಪು, ಹಿಂದೆ ದಪ್ಪ. ಟ್ಯೂರಿನ್ ಊರಿನ ಬೆರ್ಟೋನೆ ಮತ್ತು ಪಿನಿನ್‌ಫರೀನಾ ಎಂಬ ಎರಡು ಕಾರ್ಯಾಗಾರಗಳ ಪೈಪೋಟಿಯಲ್ಲಿ ಹುಟ್ಟಿದವು ಬಹಳ. ಅವುಗಳಲ್ಲಿ ಮೂರನ್ನು ಬೆರ್ಟೋನೆಯಲ್ಲಿದ್ದ ಮಾರ್ಚೆಲ್ಲೋ ಗಾಂದಿನಿ ಎಂಬ ಒಬ್ಬನೇ ಗೆರೆ ಎಳೆದ. ಕೌಂಟಾಷ್ ಅವನದೇ. 2024ರಲ್ಲಿ ತೀರಿಕೊಂಡ.

ಮೊದಲನೆಯದು 1967ರ ಲ್ಯಾಂಬೋರ್ಗಿನಿ ಮಾರ್ಜಾಲ್. ನಾಲ್ಕು ಜನ ಕೂರುವ, ಬಾಗಿಲೂ ಗಾಜಿನದೇ ಆದ ಬೆಳ್ಳಿ ಬಣ್ಣದ ಕಾರು. ಕೂತವರ ಪಾದದವರೆಗೆ ಹೊರಗಿನವರಿಗೆ ಕಾಣುತ್ತಿತ್ತು. ಮೊನಾಕೋದ ರಾಜ ರೇನಿಯರ್ ಮತ್ತು ರಾಣಿ ಗ್ರೇಸ್ ಅದರಲ್ಲಿ ಕೂತು ರೇಸಿನ ಹಾದಿಯಲ್ಲಿ ಒಂದು ಸುತ್ತು ಹೊಡೆದರು. ಎರಡನೆಯದು 1968ರ ಪ್ಯಾರಿಸ್ ಪ್ರದರ್ಶನದ ಆಲ್ಫಾ ರೋಮಿಯೋ ಕರಾಬೋ. ಹಸಿರು ಹೊಳಪಿನ ಒಂದು ಜಾತಿಯ ಜೀರುಂಡೆಯಿಂದ ಹೆಸರು, ಅದರಿಂದಲೇ ಬಣ್ಣ. ಮೇಲೆದ್ದು ನಿಲ್ಲುವ ಕತ್ತರಿ ಬಾಗಿಲು ಮೊದಲು ಬಂದದ್ದು ಇದರಲ್ಲಿ. ಮೂರನೆಯದು 1970ರ ಲಾನ್ಚಿಯಾ ಸ್ಟ್ರಾಟೋಸ್ ಜೀರೋ. ನೆಲದಿಂದ ನೆತ್ತಿಗೆ 84 ಸೆಂಟಿಮೀಟರ್, ಅಂದರೆ ನಿಂತ ಮನುಷ್ಯನ ಸೊಂಟಕ್ಕೂ ಬಾರದು. ಬಾಗಿಲೇ ಇಲ್ಲ, ಮುಂದಿನ ಗಾಜನ್ನು ಮೇಲೆತ್ತಿ ಒಳಗೆ ಇಳಿಯಬೇಕು. ನುಚ್ಚೋ ಬೆರ್ಟೋನೆ ಇದನ್ನು ಲಾನ್ಚಿಯಾ ಕಾರ್ಖಾನೆಗೆ ತಾನೇ ಓಡಿಸಿಕೊಂಡು ಹೋಗಿ, ಗೇಟಿನ ಅಡ್ಡಗಂಬದ ಕೆಳಗೆ ನುಸುಳಿದ ಎಂಬ ಕತೆ ಇದೆ. ಅದರ ಬೆನ್ನಿಗೆ ಬಂದ ಸ್ಟ್ರಾಟೋಸ್ 1974, 75, 76ರಲ್ಲಿ ಸತತ ಮೂರು ವರ್ಷ ವಿಶ್ವ ರ‍್ಯಾಲಿ ಪ್ರಶಸ್ತಿ ಗೆದ್ದಿತು. ಅತ್ತ ಪಿನಿನ್‌ಫರೀನಾದಲ್ಲಿ ಪಾವೊಲೋ ಮಾರ್ಟಿನ್ ಬರೆದ ಫೆರಾರಿ ಮೊಡುಲೋ ಅದೇ 1970ರಲ್ಲಿ ಜಿನೀವಾಕ್ಕೆ ಬಂತು, ಎತ್ತರ 93.5 ಸೆಂಟಿಮೀಟರ್.

ಇದೇ ಹೊತ್ತಿಗೆ ಆಟಿಕೆ ಲೋಕದಲ್ಲೂ ಒಂದು ಪೈಪೋಟಿ ನಡೆದಿತ್ತು. 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ತಂದಿತು. ತೆಳು ತಂತಿಯ ಅಚ್ಚು, ನುಣುಪು ಚಕ್ರ. ತಳ್ಳಿದರೆ ಮನೆಯ ಆ ಗೋಡೆಗೆ ಹೋಗಿ ಬಡಿಯುತ್ತಿತ್ತು. ಮೊದಲ ಹದಿನಾರು ಕಾರುಗಳಲ್ಲಿ ಬಹುಪಾಲನ್ನು ರೂಪಿಸಿದ ಹ್ಯಾರಿ ಬ್ರಾಡ್ಲಿ ಜನರಲ್ ಮೋಟರ್ಸ್‌ನಿಂದ ಬಂದವನು. ಆ ಹದಿನಾರರಲ್ಲಿ ಡಿಯೋರಾ, ಸಿಲೂಯೆಟ್, ಬೀಟ್‌ನಿಕ್ ಬ್ಯಾಂಡಿಟ್ ಇವು ಪ್ರದರ್ಶನಕ್ಕಾಗಿ ಮಾಡಿದ ಅಸಲಿ ಕಾರುಗಳ ರೂಪ. ಡಿಯೋರಾದ ಅಸಲಿ ಗಾಡಿಯ ವಿನ್ಯಾಸವೂ ಬ್ರಾಡ್ಲಿಯದೇ. ಮ್ಯಾಚ್‌ಬಾಕ್ಸ್ ಗಾಬರಿಯಾಗಿ 1969ರಲ್ಲಿ ಸೂಪರ್‌ಫಾಸ್ಟ್ ಚಕ್ರಗಳನ್ನು ತಂದಿತು. ವೇಗವಾಗಿ ಓಡುವ ಆಟಿಕೆಗೆ ವೇಗವಾಗಿ ಕಾಣುವ ರೂಪ ಬೇಕಲ್ಲ? ಮಾರ್ಜಾಲ್ ಮ್ಯಾಚ್‌ಬಾಕ್ಸ್ ಆಯಿತು, ಡಿಂಕಿಯೂ ಆಯಿತು. ಕರಾಬೋ 1970ರಲ್ಲಿ ಹಾಟ್ ವೀಲ್ಸ್, 1971ರಲ್ಲಿ ಮ್ಯಾಚ್‌ಬಾಕ್ಸ್ ಆಯಿತು.

ಸಾಕ್ಷಿ ಸುಳ್ಳು ಹೇಳುತ್ತದೆಯೇ?

ಈಗ ಆ ಆಟಿಕೆಗಳನ್ನು ಹತ್ತಿರದಿಂದ ನೋಡಿ. ಮ್ಯಾಚ್‌ಬಾಕ್ಸ್ ಕರಾಬೋ ಹಸಿರಲ್ಲ, ನೇರಳೆ-ಗುಲಾಬಿ. ಮಾರ್ಜಾಲ್ ಬೆಳ್ಳಿಯದಲ್ಲ, ಕೆಂಪು. ಹಾಟ್ ವೀಲ್ಸ್ ಅಂತೂ ಹೊಳಪು ಕೊಟ್ಟ ಲೋಹದ ಮೇಲೆ ಪಾರದರ್ಶಕ ಬಣ್ಣ ಬಳಿದು ಒಂದೇ ಕಾರನ್ನು ಹತ್ತು ಬಣ್ಣದಲ್ಲಿ ಮಾರಿತು. ಪೆಟ್ಟಿಗೆಯ ಅಳತೆಗೆ ಹೊಂದಿಸಲು ಉದ್ದ ತಗ್ಗಿಸಿದ್ದುಂಟು, ಚಕ್ರ ದೊಡ್ಡದು ಮಾಡಿದ್ದುಂಟು. ಹಾಗಾಗಿ ಆಟಿಕೆಯನ್ನು ಮಾತ್ರ ನಂಬಿ ಕರಾಬೋದ ಇತಿಹಾಸ ಬರೆದರೆ ಮೊದಲ ಸಾಲೇ ತಪ್ಪಾಗುತ್ತದೆ.

ಆದರೆ ಆಟಿಕೆ ಬೇರೊಂದು ವಿಷಯಕ್ಕೆ ನಿಜವಾದ ಸಾಕ್ಷಿ. ಕಾರು ಹೇಗಿತ್ತು ಎಂಬುದಕ್ಕಿಂತ, ಅದರಲ್ಲಿ ಆ ಕಾಲದವರ ಕಣ್ಣು ಏನನ್ನು ಹಿಡಿಯಿತು ಎಂಬುದನ್ನು ಅದು ಹೇಳುತ್ತದೆ. ಹಾಟ್ ವೀಲ್ಸ್ ಕರಾಬೋದಲ್ಲಿ ಬಣ್ಣ ಹೇಗೋ ಇರಲಿ, ಬಾಗಿಲು ಮಾತ್ರ ಮೇಲಕ್ಕೆ ತೆರೆಯುತ್ತದೆ. ಮೂರು ಇಂಚಿನ ತುಂಡಿನಲ್ಲಿ ಅದನ್ನು ಮಾಡುವುದು ಖರ್ಚಿನ ಬಾಬತ್ತು. ಆದರೂ ಮಾಡಿದರು, ಏಕೆಂದರೆ ಪ್ಯಾರಿಸ್‌ನಲ್ಲಿ ಜನ ಬಾಯಿಬಿಟ್ಟು ನೋಡಿದ್ದು ಅದನ್ನೇ. ವರದಿಗಾರ ಶೀರ್ಷಿಕೆ ಆರಿಸುವ ಹಾಗೆ ಆಟಿಕೆ ತಯಾರಕನೂ ಆರಿಸುತ್ತಾನೆ.

ಇವತ್ತಿನ ದುಬಾರಿ ಮಾದರಿಗಳ ಸ್ವಭಾವ ಬೇರೆ. ಮಕ್ಕಳ ಆಟಿಕೆ ಉದ್ಯಮವೇ ಅಲ್ಲಾಡಿದ್ದು ಇದಕ್ಕೆ ಒಂದು ಕಾರಣ. 1979ರಲ್ಲಿ ಲಿವರ್‌ಪೂಲಿನ ಡಿಂಕಿ ಕಾರ್ಖಾನೆ ಮುಚ್ಚಿತು, 1982ರಲ್ಲಿ ಲೆಸ್ನಿ ದಿವಾಳಿಯಾಯಿತು, 1983ರಲ್ಲಿ ಕಾರ್ಗಿಯ ಒಡೆಯ ಕಂಪನಿ ಮುಳುಗಿತು. ತಯಾರಿಕೆ ಹಾಂಗ್‌ಕಾಂಗ್, ಆಮೇಲೆ ಚೀನಾ ಕಡೆಗೆ ಹೋಯಿತು. ಕೊಳ್ಳುವವರು ಮಕ್ಕಳಲ್ಲ, ಒಮ್ಮೆ ಮಕ್ಕಳಾಗಿದ್ದವರು ಎಂಬುದು ಮಾರುವವರಿಗೆ ಹೊಳೆಯಿತು. ಇಟಲಿಯ ಬುರಾಗೋ 1:24, 1:18 ಅಳತೆಯ ದೊಡ್ಡ ಕಾರುಗಳನ್ನು ಮನೆಮನೆಗೆ ತಲುಪಿಸಿತು. 1990ರ ದಶಕದಿಂದ ಅಸಲಿ ಬಣ್ಣ, ಎಂಜಿನ್ನಿನ ವೈರು, ಸೀಟಿನ ಹೊಲಿಗೆವರೆಗೆ ತೋರಿಸುವ ಮಾದರಿಗಳು ಬಂದವು.

ಕೊಳ್ಳುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಡೈಕಾಸ್ಟ್‌ಗೆ ಉಕ್ಕಿನ ಅಚ್ಚು ಬೇಕು, ಅದು ದುಬಾರಿ. ಸಾವಿರಾರು ತುಂಡು ಮಾರಿದರೆ ಮಾತ್ರ ಅಸಲು ಹುಟ್ಟುತ್ತದೆ. ರೆಸಿನ್ ಮಾದರಿಗೆ ಸಿಲಿಕೋನ್ ಅಚ್ಚು ಸಾಕು, ಕೆಲವು ನೂರು ಮಾಡಿ ನಿಲ್ಲಿಸಬಹುದು. ಅಪರೂಪದ ಕಾನ್ಸೆಪ್ಟ್ ಕಾರುಗಳು ಹೆಚ್ಚಾಗಿ ರೆಸಿನ್‌ನಲ್ಲೇ ಸಿಗುವುದಕ್ಕೆ ಇದೇ ಕಾರಣ. ಅವುಗಳಲ್ಲಿ ಗೆರೆ ಚೂಪಾಗಿರುತ್ತದೆ, ಆದರೆ ಬಹುಪಾಲು ಬಾಗಿಲು, ಬಾನೆಟ್ ತೆರೆಯುವುದಿಲ್ಲ. ಗಾಜೇ ಬಾಗಿಲಾದ ಸ್ಟ್ರಾಟೋಸ್ ಜೀರೋದಂಥ ಕಾರಿಗೆ ಇದು ಸಣ್ಣ ನಷ್ಟವಲ್ಲ. 1:43ರಲ್ಲಿ ಆ ಕಾರು ಎರಡು ಸೆಂಟಿಮೀಟರಿಗಿಂತ ಕುಳ್ಳು, ಉದ್ದ ಎಂಟೂಕಾಲು ಸೆಂಟಿಮೀಟರ್. ಗಾಜಿನ ದಪ್ಪ ಒಂದು ಕೂದಲೆಳೆ ಹೆಚ್ಚಾದರೂ ಕಾರು ಕೆಡುತ್ತದೆ.

ಸತುವಿನೊಳಗಿನ ಗೆದ್ದಲು

ಮರಕ್ಕೆ ಗೆದ್ದಲು ಇದ್ದ ಹಾಗೆ ಈ ಲೋಹಕ್ಕೂ ಒಂದು ರೋಗ ಇದೆ. ಮೊದಲ ಆಟಿಕೆಗಳು ಸೀಸದವು. 1929ರಲ್ಲಿ ಅಮೆರಿಕದಲ್ಲಿ ಜಮಾಕ್ ಎಂಬ ಮಿಶ್ರಲೋಹ ಬಂತು: ಬಹುಪಾಲು ಸತು, ಸುಮಾರು ನೂರಕ್ಕೆ ನಾಲ್ಕು ಪಾಲು ಅಲ್ಯುಮಿನಿಯಂ, ಚೂರು ಮೆಗ್ನೀಷಿಯಂ, ತಾಮ್ರ. ಹಗುರ, ಗಟ್ಟಿ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಆದರೆ ಅದು ಶುದ್ಧವಾಗಿರಬೇಕು. ಸೀಸದ ಆಟಿಕೆ ಮಾಡುತ್ತಿದ್ದ ಕಾರ್ಖಾನೆಯಲ್ಲೇ ಸತು ಕರಗಿಸಿದರೆ ಚೂರು ಸೀಸ ಒಳಗೆ ಸೇರಿಬಿಡುತ್ತದೆ. ವರ್ಷಗಳು ಕಳೆದಂತೆ ತೇವ ಸೇರಿ ಲೋಹದ ಕಣಗಳ ಸಂದಿಯಲ್ಲಿ ಕೊರೆತ ಶುರುವಾಗುತ್ತದೆ. ಕಾರು ಉಬ್ಬುತ್ತದೆ, ಬಿರಿಯುತ್ತದೆ, ಕೊನೆಗೆ ಮುಟ್ಟಿದರೆ ಪುಡಿ. ಯುದ್ಧಕ್ಕೆ ಮುಂಚಿನ ಡಿಂಕಿಗಳು ಎಷ್ಟೋ ಹೀಗೆ ಹೋದವು. ಅಕ್ಷರಕ್ಕೆ ಜೀವ ಕೊಟ್ಟ ಸೀಸವೇ ಆಟಿಕೆಗೆ ವಿಷವಾಯಿತು. ಈ ರೋಗಕ್ಕೆ ಮದ್ದಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹಳೆಯ ಮಾದರಿ ಇಟ್ಟುಕೊಂಡವರು ತೇವ ಹೀರುವ ಪೊಟ್ಟಣ ಹಾಕಿ, ಬಿಸಿಲಿನಿಂದ ದೂರ ಇಟ್ಟು ಕಾಯಬಹುದು, ಅಷ್ಟೆ.

ನಮ್ಮ ಕಡೆಗೆ ಬಂದದ್ದು

ಭಾರತಕ್ಕೆ ಈ ಕಾರುಗಳು ಹಿಂಬಾಗಿಲಿನಿಂದ ಬಂದವು. 1960ರ ದಶಕದ ಕೊನೆಯಲ್ಲಿ ಡಿಂಕಿಯ ಹಳೆಯ ಅಚ್ಚುಗಳು ಕೊಲ್ಕತ್ತಾಗೆ ಮಾರಾಟವಾಗಿ, ಅಲ್ಲಿಂದ ‘ನಿಕ್ಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಆಟಿಕೆಗಳು ಬಂದವು. 1980ರ ದಶಕದಲ್ಲಿ ಲಿಯೋ ಹೆಸರಿನಲ್ಲಿ ಹಾಟ್ ವೀಲ್ಸ್ ಇಲ್ಲೇ ತಯಾರಾಯಿತು. ಅಲ್ಲಿನವರು ಬಳಸಿ ಬಿಟ್ಟ ಅಚ್ಚು, ಇಲ್ಲಿನ ಬಣ್ಣ. ಅಂದು ಅಗ್ಗವೆನಿಸಿದ ಆ ಲಿಯೋ ಕಾರುಗಳನ್ನು, ಬೇರೆಲ್ಲೂ ಸಿಗದ ಬಣ್ಣಗಳಿಗಾಗಿ ವಿದೇಶದ ಸಂಗ್ರಾಹಕರು ಇಂದು ಹುಡುಕುತ್ತಾರೆ. ಆಮದು ಆಟಿಕೆಯ ಮೇಲಿನ ಕಟ್ಟುಪಾಡು ಸಡಿಲವಾದದ್ದು 2001ರ ಏಪ್ರಿಲ್ ಹೊತ್ತಿಗೆ. ಅಲ್ಲಿಯವರೆಗೆ ಗಲ್ಫ್‌ನಿಂದ ರಜೆಗೆ ಬಂದ ಮಾವನ ಪೆಟ್ಟಿಗೆಯೇ ಕರಾವಳಿಯ ಎಷ್ಟೋ ಮಕ್ಕಳಿಗೆ ಮೋಟಾರು ಪ್ರದರ್ಶನ.

ಅಲ್ಲಿ ಬೆರ್ಟೋನೆ ಕಾರ್ಯಾಗಾರವೂ ಉಳಿಯಲಿಲ್ಲ. 2011ರಲ್ಲಿ ಸಾಲದ ಒತ್ತಡಕ್ಕೆ ತನ್ನ ಆರು ಕಾರುಗಳನ್ನು ಹರಾಜಿಗಿಟ್ಟಿತು. ಮಾರ್ಜಾಲ್‌ಗೆ 15 ಲಕ್ಷ ಯೂರೋ, ಸ್ಟ್ರಾಟೋಸ್ ಜೀರೋಗೆ 7.6 ಲಕ್ಷ ಯೂರೋ ಬಂತು. 2014ರಲ್ಲಿ ಕಂಪನಿ ದಿವಾಳಿಯಾಯಿತು. ಉಳಿದ ಸಂಗ್ರಹವನ್ನು 2015ರಲ್ಲಿ ಇಟಲಿಯ ಹಳೆಯ ವಾಹನ ಪ್ರಿಯರ ಒಕ್ಕೂಟ ಕೊಂಡದ್ದರಿಂದ ಅದು ಚೆಲ್ಲಾಪಿಲ್ಲಿಯಾಗುವುದು ತಪ್ಪಿತು. ಕರಾಬೋ ಅರೇಸೆಯ ಆಲ್ಫಾ ರೋಮಿಯೋ ವಸ್ತುಸಂಗ್ರಹಾಲಯದಲ್ಲಿ ತನ್ನ ಹಸಿರು ಬಣ್ಣದಲ್ಲೇ ಇದೆ.

ನಮ್ಮ ಮನೆಗಳ ಅಟ್ಟದ ಮೇಲೂ ಇಂಥ ಒಂದೆರಡು ಕಾರು ಇರಬಹುದು. ಸಿಕ್ಕರೆ ಹೊಸ ಬಣ್ಣ ಬಳಿಯಬೇಡಿ, ಉಜ್ಜಿ ತೊಳೆಯಬೇಡಿ. ಮಗುಚಿ ಹೊಟ್ಟೆಯ ಭಾಗ ನೋಡಿ. ತಯಾರಕರ ಹೆಸರು, ಊರು, ಕೆಲವೊಮ್ಮೆ ವರ್ಷ ಅಲ್ಲಿ ಉಬ್ಬಕ್ಷರದಲ್ಲಿರುತ್ತದೆ. ಅದರ ಜೊತೆ ಯಾರು ತಂದದ್ದು, ಎಲ್ಲಿಂದ, ಯಾವ ವರ್ಷ ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಹೊಟ್ಟೆಯ ಮೇಲಿನ ಅಕ್ಷರ ಕಾರು ಎಲ್ಲಿ ಹುಟ್ಟಿತು ಎಂದು ಹೇಳುತ್ತದೆ. ನಿಮ್ಮ ಹಳ್ಳಿಗೆ ಹೇಗೆ ಬಂತು ಎಂಬುದನ್ನು ಆ ಚೀಟಿ ಮಾತ್ರ ಹೇಳಬಲ್ಲದು.